ಹದಿನಾರು ತೂತಿನ ಡಬ್ಬಿ

ಅನುಸೂಯಾಬಾಯಿಯ ಸೆರಗಿನ ತುದಿಗೆ ಮೊದಲು ಎರಡು ಕೀಲಿಕೈ ಇರುತ್ತಿದ್ದವು. ಒಂದು ಮೈಲೂರಿನ ಮನೆಯದು, ಇನ್ನೊಂದು ಆಫೀಸಿನ ಕಬ್ಬಿಣದ ಕಪಾಟಿನದು. ಮನೆಯದನ್ನು ದಿನಕ್ಕೊಮ್ಮೆ ನೋಡಿಕೊಂಡರೆ ಹೆಚ್ಚು. ಕಪಾಟಿನದನ್ನು ಮಾತ್ರ ಟೈಪ್ ಮಾಡುವಾಗ, ನೀರು ಕುಡಿಯುವಾಗ, ಯಾರಾದರೂ ಬಂದು ಮಾತಾಡಿಸುವಾಗ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಆ ಕಪಾಟಿನೊಳಗೆ ಆಫೀಸಿನ ನೆಟ್ ಇತ್ತು. ಹೊರಗಿನಿಂದ ಬಂದ ಲೈನು ಗೋಡೆಯ ಮೇಲಿನ ಬಿಳಿ ರೂಟರಿಗೆ ಸೇರಿ, ಅಲ್ಲಿಂದ ಒಂದು ದಪ್ಪ ವೈರ್ ಕಪಾಟಿನ ಡಬ್ಬಿಗೆ ಇಳಿದು, ಡಬ್ಬಿಯ ತೂತುಗಳಿಂದ ಎಲ್ಲ ಕಂಪ್ಯೂಟರಿಗೂ ಹರಿಯುತ್ತಿತ್ತು. ನೆಟ್ ನಿಂತಿತೆಂದರೆ ಸಾಹೇಬರಿಂದ ಹಿಡಿದು ಎಲ್ಲರೂ "ಅನುಸೂಯಾ" ಎಂದು ಕೂಗುತ್ತಿದ್ದರು. ಆಕೆ ನಿಧಾನವಾಗಿ ಎದ್ದು, ಕಪಾಟು ತೆಗೆದು, ಡಬ್ಬಿಯ ಪಿನ್ ಕಿತ್ತು, ಮನಸ್ಸಿನಲ್ಲೇ ಒಂದು ಸಲ ಓಂ ನಮಃ ಶಿವಾಯ ಅಂದು, ಮತ್ತೆ ಹಾಕುತ್ತಿದ್ದಳು. ಹಸಿರು ದೀಪ ಹತ್ತುತ್ತಿತ್ತು. "ಬಂತ್ರಿ" ಎನ್ನುತ್ತಿದ್ದಳು. ಹಲಬರ್ಗಾದ ಹೊಲದ ಮನೆಯಲ್ಲಿ ಹುಟ್ಟಿ, ಭಾಲ್ಕಿಯ ಶಾಲೆಯನ್ನು ಒಂಬತ್ತನೆಯದಕ್ಕೇ ಬಿಟ್ಟವಳಿಗೆ ಆ ಒಂದು "ಬಂತ್ರಿ" ಎನ್ನುವ ಮಾತು ಮೈಮೇಲಿನ ಒಡವೆಯಂತಿತ್ತು.

ಆಮೇಲೆ ಮೀರಾಬಾಯಿ ಬಂದಳು.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಮಾಂಜ್ರಾ ನದಿಯ ಪಾತ್ರದಲ್ಲಿ ದನಗಳು ಅಡ್ಡಾಡುತ್ತಿದ್ದವು. ಮಹಾರಾಷ್ಟ್ರದ ಕಬ್ಬೂ ಒಣಗಿದ್ದರಿಂದ ಗುಳೆ ಹೋಗುವವರು ಆ ವರ್ಷ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಲಾರಿ ಹತ್ತುತ್ತಿದ್ದರು. ಹಾಗೆ ಹೋಗುವವರ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು, ಊಟ ಹಾಕಿ, ಶಾಲೆಗೆ ಕಳಿಸುವ ಸಣ್ಣ ಸಂಸ್ಥೆ ಅನುಸೂಯಾ ಕೆಲಸ ಮಾಡುತ್ತಿದ್ದದ್ದು. ಮೈಲೂರಿನಲ್ಲಿ ದೊಡ್ಡ ಆಫೀಸು, ಭಾಲ್ಕಿಯಲ್ಲಿ ಒಂದು ಕೇಂದ್ರ. ಔರಾದದಲ್ಲಿ ಇನ್ನೊಂದು ತೆರೆಯುವ ಮಾತು ನಡೆದಿತ್ತು. ಮಗುವನ್ನು ಬಿಟ್ಟುಹೋಗುವ ತಂದೆತಾಯಿ ಆಫೀಸಿಗೆ ಬಂದು, ಕಂಪ್ಯೂಟರಿನ ಮುಂದೆ ಕೂತು, ಮಗುವಿನ ಜೊತೆ ಫೋಟೋ ತೆಗೆಸಿಕೊಂಡು ಹೆಸರು ಹಚ್ಚಿಸಬೇಕು. ನೆಟ್ ಇದ್ದರೆ ಹೆಸರು ಹತ್ತುತ್ತದೆ, ಹೆಸರು ಹತ್ತಿದರೆ ಮಗು ಉಳಿಯುತ್ತದೆ. ಇಲ್ಲವಾದರೆ ಮಗುವೂ ಲಾರಿ ಹತ್ತುತ್ತದೆ.

ಗುಳೆ ಹೆಚ್ಚಾದಂತೆ ಅಂಗಳದಲ್ಲಿ ಮಂದಿ ಹೆಚ್ಚಾದರು. ಕಾಯುತ್ತ ಕೂತವರು ಆಫೀಸಿನ ವೈಫೈ ಹಿಡಿದು ಫೋನಿನಲ್ಲಿ ಸಿನಿಮಾ ನೋಡತೊಡಗಿದರು. ಒಳಗೆ ಹೆಸರು ಹಚ್ಚುವ ಕಂಪ್ಯೂಟರು ಎತ್ತು ಹೂಡದ ಗಾಡಿಯಂತೆ ನಿಂತುಬಿಡುತ್ತಿತ್ತು. ಅನುಸೂಯಾ ಪಿನ್ ಕಿತ್ತು ಹಾಕಿದರೂ, ಎರಡು ಸಲ ಓಂ ನಮಃ ಶಿವಾಯ ಅಂದರೂ ಸರಿಹೋಗಲಿಲ್ಲ. ಆಗ ಆಫೀಸಿನ ಮುಖ್ಯಸ್ಥ ಶಿವರಾಜಪ್ಪ ಸಾಹೇಬರು ಔರಾದದಿಂದ ಡಿಪ್ಲೊಮಾ ಕಲಿತ ಒಂದು ಹುಡುಗಿಯನ್ನು ಕರೆಸಿದರು.

ಮೀರಾ ಸಣ್ಣ ಎಲುಬಿನ, ದೊಡ್ಡ ನಗೆಯ ಹುಡುಗಿ. ಬಂದ ವಾರದಲ್ಲೇ ಹಳೆಯ ಡಬ್ಬಿ ತೆಗೆದು ಹದಿನಾರು ತೂತಿನ ಹೊಸ ಸ್ವಿಚ್ಚು ಕೂಡಿಸಿದಳು. ಮೊದಲ ದಿನವೇ, "ಅಕ್ಕೋರ, ಬರ್ರಿ, ನಿಮಗೂ ತೋರಸ್ತೇನಿ" ಎಂದು ಕರೆದಳು.

"ನನಗ ಗೊತ್ತದ" ಎಂದು ಅನುಸೂಯಾ ಕೂತಲ್ಲೇ ಹೇಳಿದಳು. ಗೊತ್ತಿರಲಿಲ್ಲ. ಕಿವಿ ಮಾತ್ರ ಆ ಕಡೆಗೇ ಇತ್ತು.

ಮೀರಾ ಲೆಕ್ಕದ ಮುಜೀಬೋದ್ದೀನನಿಗೆ ವಿವರಿಸುತ್ತಿದ್ದಳು. "ಇದಕ್ಕ ವಿ-ಲ್ಯಾನ್ ಅಂತಾರ್ರಿ ಮುಜೀಬ್ ಭಾಯಿ. ಡಬ್ಬಿ ಒಂದೇ, ಒಳಗ ಓಣಿ ಮೂರು. ಹೆಸರು ಹಚ್ಚೂ ಕಂಪ್ಯೂಟರ್ದು ಒಂದು ಓಣಿ, ನಿಮ್ಮ ಲೆಕ್ಕದ್ದು ಒಂದು, ಅಂಗಳದಾಗಿನ ಫೋನಿಂದು ಒಂದು. ಯಾವ ತೂತು ಯಾವ ಓಣಿಗಿ ಅಂತ ನಾ ಬರೆದು ಇಟ್ಟೀನಿ. ಈಗ ನೀರಿನ ಟ್ಯಾಂಕರ್ ಹ್ಯಾಂಗ ಬರ್ತದ? ಇವತ್ತ ಈ ಓಣಿಗಿ, ನಾಳಿ ಆ ಓಣಿಗಿ. ಫೋನಿನ ಮಂದಿ ಎಷ್ಟ ಕೊಡ ತುಂಬಿದ್ರೂ ನಿಮ್ಮ ಓಣಿ ನೀರು ನಿಮಗ ಅದ."

"ವಾಹ್! ನಮ್ಮ ಓಣಿಗಿ ಹಿಂಗ ಟ್ಯಾಂಕರ್ ಬಿಡಸು ಬೇಟಿ, ನಿನಗ ಬಿರಿಯಾನಿ ತಿನಿಸ್ತೇನಿ" ಎಂದ ಮುಜೀಬ.

ಸಾಲದ್ದಕ್ಕೆ ಟ್ಯಾಂಕರಿನ ಮಾತು. ಅನುಸೂಯಾಳ ಗಂಡ ಬಸವಣ್ಣೆಪ್ಪ ಟ್ಯಾಂಕರ್ ಓಡಿಸುವವನು. ತನ್ನ ಮನೆಯ ಮಾತನ್ನೂ ಈಕೆಯೇ ಎತ್ತಿಕೊಂಡಳಲ್ಲ ಎಂದು ಆಕೆಗೆ ಉರಿಯಿತು. ಸಂಜೆ ಗಂಡನ ಮುಂದೆ ಹೇಳಿಕೊಂಡರೆ ಅವನು ತಟ್ಟೆಯಿಂದ ತಲೆ ಎತ್ತಿ, "ಹುಶಾರ್ ಹುಡುಗಿ ಅದ. ಬರೋಬರಿ ಹೇಳ್ಯಾಳ" ಎಂದ. ಅವನ ತಟ್ಟೆಗೆ ಎರಡನೇ ರೊಟ್ಟಿ ಬೀಳಲಿಲ್ಲ.

ಹೊಸ ಡಬ್ಬಿಯ ಜೊತೆ ಕಪಾಟಿನ ಕೀಲಿಕೈಯೂ ಮೀರಾಳ ಕೈಗೆ ಹೋಯಿತು. ಆ ದಿನದಿಂದ ಅನುಸೂಯಾಳ ಸೆರಗು ಹಗುರವಾಗಿ ಗಾಳಿಗೆ ಹಾರಾಡತೊಡಗಿತು. ಬೆರಳು ಹಳೆಯ ಅಭ್ಯಾಸದಂತೆ ಹೋಗಿ ಬರೀ ಮನೆಯ ಕೀಲಿಕೈ ಮುಟ್ಟಿ ಬರುತ್ತಿತ್ತು. ಮೀರಾ ನಕ್ಕರೆ, ಇಷ್ಟು ನಗಲಿಕ್ಕೆ ಏನದೆ ಎನಿಸುತ್ತಿತ್ತು. ನಗದಿದ್ದರೆ, ಜಂಬ ನೋಡು ಎನಿಸುತ್ತಿತ್ತು. ಮೀರಾ ತಂದ ಶೇಂಗಾ ಚಟ್ನಿಯನ್ನು ಎಲ್ಲರೂ ಹೊಗಳಿದ ದಿನ ಅನುಸೂಯಾ ಹೊಟ್ಟೆ ನೋಯುತ್ತದೆಂದು ಬುತ್ತಿ ಬಿಚ್ಚಲೇ ಇಲ್ಲ. ಹೊಟ್ಟೆ ನಿಜವಾಗಿಯೂ ನೋಯುತ್ತಿತ್ತು.

ದಸರೆ ಸಮೀಪಿಸಿದಾಗ ಶಿವರಾಜಪ್ಪ ಸಾಹೇಬರು ಇಬ್ಬರನ್ನೂ ಕರೆದರು.

"ದಸರಾ ಮುಗದ ಮ್ಯಾಲ ಔರಾದದ ಕೇಂದ್ರ ಚಾಲೂ ಮಾಡ್ತೇವಿ. ನಿಮ್ಮಿಬ್ಬರೊಳಗ ಒಬ್ಬರು ಅಲ್ಲಿಗಿ ಹೋಗಬೇಕಾಗ್ತದ. ಯಾರ ಕೈಯಾಗ ಇಲ್ಲಿ ಕೆಲಸ ನಿಲ್ಲಂಗಿಲ್ಲ ಅವರು ಇಲ್ಲೇ. ಇನ್ನೊಬ್ಬರು ಅಲ್ಲಿ."

ಮೀರಾ "ಆಯ್ತ್ರಿ ಸರ್" ಎಂದಳು. ಅನುಸೂಯಾಳ ಬೆರಳು ಸೆರಗಿನ ತುದಿಗೆ ಹೋಯಿತು. ಔರಾದವೆಂದರೆ ರೈಲಿಲ್ಲದ ಊರು. ಬಸ್ಸು ಬಂದರೆ ಬಂತು. ಅದಾದರೂ ಇರಲಿ. ತನ್ನ ಕುರ್ಚಿಯಲ್ಲಿ ಕೂತು, ತನ್ನ ಕಪಾಟು ತೆಗೆದು, ತನ್ನ ಹಾಗೆ ಆ ಹುಡುಗಿ "ಬಂತ್ರಿ" ಎನ್ನುವುದನ್ನು ಔರಾದದಲ್ಲಿ ಕೂತು ನೆನೆಯುವುದು ಹೇಗೆ? ಅದಕ್ಕಿಂತ ಕೆಲಸ ಬಿಟ್ಟು ಟ್ಯಾಂಕರ್ ಹಿಂದೆ ಪೈಪು ಹಿಡಿಯುವುದು ಒಳ್ಳೆಯದು.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಮೀರಾ ಇರಲಿಲ್ಲ. ಅವರದು ಬೌದ್ಧರ ಮನೆ. ವಿಜಯದಶಮಿಯೆಂದರೆ ಅವರಿಗೆ ಬಿಳಿ ಸೀರೆ ಉಟ್ಟು ಬುದ್ಧವಿಹಾರದಲ್ಲಿ ಸೇರುವ ದಿನ. ಆಯುಧ, ಯಂತ್ರಗಳಿಗೆ ಪೂಜೆ ಮಾಡುವ ರೂಢಿ ಇಲ್ಲ. ಒಂದು ದಿನ ಮೊದಲೇ ಕೀಲಿಕೈಯನ್ನು ಸಾಹೇಬರಿಗೆ ಕೊಟ್ಟು ಔರಾದದ ಬಸ್ಸು ಹತ್ತಿದ್ದಳು.

"ಪ್ರತಿ ವರ್ಷ ಕಪಾಟಿನ ಪೂಜಿ ನನ್ನ ಕೈಲೇ ನಡದಾದ್ರಿ" ಎಂದು ಅನುಸೂಯಾ ಸಾಹೇಬರ ಮುಂದೆ ಕೈ ಚಾಚಿದಳು. ಕೀಲಿಕೈ ಬಂತು. ಸೆರಗಿಗೆ ಬಿಗಿಯಾಗಿ ಗಂಟು ಹಾಕಿಕೊಂಡಳು.

ಆ ದಿನ ಆಕೆ ಮಾಡಿದಷ್ಟು ಚೆಂದದ ಪೂಜೆಯನ್ನು ಆ ಆಫೀಸು ಕಂಡಿರಲಿಲ್ಲ. ಹೊಸ ಡಬ್ಬಿಯ ಮೇಲೆ ಧೂಳು ಕೂತಿತ್ತು. ಧೂಳಿನ ಮೇಲೆ ಕುಂಕುಮ ಇಡುವುದುಂಟೇ? ವೈರುಗಳನ್ನೆಲ್ಲ ಒಂದೊಂದಾಗಿ ಕಿತ್ತು ಮುಜೀಬನ ಕೈಗೆ ಕೊಟ್ಟಳು. ಅವನು ಅವನ್ನು ಹೂವಿನ ಗೊಂಚಲಿನಂತೆ ಹಿಡಿದು, "ಯಾರ ಕೊರಳಿಗಿ ಹಾಕಲಿ ಭಾಬಿ?" ಎಂದು ಚೇಷ್ಟೆ ಮಾಡುತ್ತ ನಿಂತ. ಸಾಹೇಬರು ತೆಂಗಿನಕಾಯಿ ತೊಳೆಯುತ್ತಿದ್ದರು. ಅನುಸೂಯಾ ಒದ್ದೆ ಅರಿವೆ ಹಿಂಡಿ ಡಬ್ಬಿ ಒರೆಸಿದಳು, ಒಣ ಅರಿವೆಯಿಂದ ಮತ್ತೊಮ್ಮೆ ಒರೆಸಿದಳು. ಆಮೇಲೆ ವೈರುಗಳನ್ನು ಹಾಕತೊಡಗಿದಳು. ರೂಟರಿನಿಂದ ಬರುವ ದಪ್ಪ ವೈರಿಗೆ ಆಕೆ ತಾಯಿ ವೈರ್ ಎನ್ನುತ್ತಿದ್ದಳು. ಮೀರಾ ಅದನ್ನು ಕಟ್ಟಕಡೆಯ ತೂತಿಗೆ ಹಾಕಿದ್ದಳು. ತಾಯಿಯನ್ನು ಪಂಕ್ತಿಯ ಕೊನೆಗೆ ಕೂಡಿಸುತ್ತಾರೆಯೇ? ಅನುಸೂಯಾ ತಾಯಿಯನ್ನು ಮೊದಲ ತೂತಿಗೆ ಕೂಡಿಸಿದಳು. ಪಕ್ಕದಲ್ಲಿ ವೈಫೈಯ ಬಿಳಿ ವೈರ್, ಆಮೇಲೆ ಕಣ್ಣಿಗೆ ಒಪ್ಪುವಂತೆ ಹಳದಿ, ಕೆಂಪು, ನೀಲಿ. ಹಳೆಯ ಡಬ್ಬಿಯಲ್ಲಿ ಯಾವ ತೂತಿಗೆ ಹಾಕಿದರೂ ನಡೆಯುತ್ತಿತ್ತು. ಡಬ್ಬಿ ಅಂದರೆ ಡಬ್ಬಿ. ತೂತುಗಳ ಮೇಲೆ ಸಾಲಾಗಿ ಅರಿಶಿನ ಕುಂಕುಮ ಇಟ್ಟಳು, ಚೆಂಡುಹೂವಿನ ದಪ್ಪ ಮಾಲೆ ಇಳಿಬಿಟ್ಟಳು. ಸಾಹೇಬರು ಕಾಯಿ ಒಡೆದರು. ಕಂಪ್ಯೂಟರಿಗೆಲ್ಲ ರಜೆ. ಯಾರೂ ನೆಟ್ ನೋಡಲಿಲ್ಲ.

ದಸರೆಯ ಮರುದಿನ ಅಂಗಳ ತುಂಬಿತ್ತು. ಹಬ್ಬ ಮುಗಿಸಿ ಹೊರಡುವ ಮಂದಿ ಗಂಟುಮೂಟೆ, ಪಾತ್ರೆ, ಕೋಳಿ, ಮಕ್ಕಳ ಸಮೇತ ಬಂದು ಕೂತಿದ್ದರು. ರಸ್ತೆಯ ಆಚೆ ಹೈದರಾಬಾದಿನ ಲಾರಿ ನಿಂತಿತ್ತು. ಒಳಗೆ ಎಲ್ಲರೂ ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣ" ಅಂದುಕೊಂಡರು. ಅನುಸೂಯಾ ಸಾಹೇಬರ ಕಾಲು ಮುಟ್ಟಿ ಬನ್ನಿ ಕೊಟ್ಟಳು, ಮುಜೀಬನಿಗೆ ಕೊಟ್ಟಳು, ಕಸ ಹೊಡೆಯುವ ಮುದುಕಿಗೂ ಕೊಟ್ಟಳು. ಬೆಳಗಿನ ಬಸ್ಸಿಗೆ ಬಂದಿದ್ದ ಮೀರಾ ಕೈಯನ್ನು ಅರ್ಧ ಮುಂದೆ ಚಾಚಿದ್ದಳು. ಅನುಸೂಯಾ ಅದು ಕಾಣದವಳಂತೆ ಕುರ್ಚಿಯ ಕಡೆ ತಿರುಗಿದಳು.

ಮೊದಲ ಕುಟುಂಬ ಕಂಪ್ಯೂಟರಿನ ಮುಂದೆ ಕೂತಿತು. ಗಂಡ, ಹೆಂಡತಿ, ನಡುವೆ ಮೂಗು ಸೋರುವ ಹುಡುಗಿ. ಅನುಸೂಯಾ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ನೆಟ್ ಇಲ್ಲ.

"ನೆಟ್ ಇಲ್ರಿ ಸಾಹೇಬ್ರ" ಎಂದಳು. ಹೇಳುವಾಗ ದನಿಯಲ್ಲಿ ಸಣ್ಣ ಹಬ್ಬವೇ ಇತ್ತು.

"ನನ್ನದೂ ಇಲ್ಲ" ಎಂದ ಮುಜೀಬ. "ಆದ್ರ ಫೋನಿನಾಗ ಕವ್ವಾಲಿ ಮಜಾ ಬರ್ಲಿಕತ್ತದ ನೋಡು."

ಎಲ್ಲರ ಕಣ್ಣೂ ಮೀರಾಳ ಕಡೆ ಹೊರಳಿದವು. ಮೊದಲಾಗಿದ್ದರೆ ತನ್ನ ಕಡೆ ಹೊರಳುತ್ತಿದ್ದವು ಎಂದು ಅನುಸೂಯಾ ಅಂದುಕೊಂಡಳು. ಹೊರಳಲಿ. ಇವತ್ತು ಹೊರಳುವುದೇ ಚೆಂದ.

ಮೀರಾ ಕೇಳಿದಳು, "ನಾ ಇಲ್ಲದಾಗ ಡಬ್ಬಿ, ವೈರ್ ಯಾರರೆ ಮುಟ್ಟೀರೇನ್ರಿ?"

"ಇಲ್ಲ" ಎಂದರು ಸಾಹೇಬರು.

"ತೌಬಾ! ನಾ ಯಾಕ ಮುಟ್ಟಲಿ?" ಎಂದ ಮುಜೀಬ.

"ಹಬ್ಬದಾಗ ಯಾರ್ ಮುಟ್ತಾರ? ಪೂಜಿ ಆಗ್ಯಾದ, ಅಷ್ಟೇ" ಎಂದಳು ಅನುಸೂಯಾ.

ಮೂವರೂ ಸುಳ್ಳು ಹೇಳಲಿಲ್ಲ. ಪೂಜೆ ಮಾಡುವುದನ್ನು ಮುಟ್ಟುವುದು ಎಂದು ಅಲ್ಲಿ ಯಾರೂ ತಿಳಿದಿರಲಿಲ್ಲ. ದೇವರನ್ನು ತೊಳೆದರೆ ದೇವರನ್ನು ಮುಟ್ಟಿದೆ ಎಂದು ಯಾರು ಹೇಳುತ್ತಾರೆ?

ಮೀರಾ ಕಪಾಟಿನ ಹತ್ತಿರ ಬಂದಳು. ಅನುಸೂಯಾ ಅವಳಿಗಿಂತ ಮೊದಲೇ ಅಲ್ಲಿದ್ದಳು. ಸೆರಗಿನ ಗಂಟು ಬಿಚ್ಚದೆ, ಬಗ್ಗಿ ಕೀಲಿ ತೆಗೆದು, ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಚಪ್ಲಿ ಬಿಟ್ಟು ಬಾ. ಮಾಲಿ ಕದಲಸಬ್ಯಾಡ. ಹುಣ್ಣಿವಿ ತನಕ ಹಂಗೇ ಇರಬೇಕು."

ಹಾಗೊಂದು ನಿಯಮ ಇರಲಿಲ್ಲ. ಆ ಕ್ಷಣಕ್ಕೆ ಹುಟ್ಟಿದ ನಿಯಮ ಅದು. ಮೀರಾ ಒಂದು ಗಳಿಗೆ ಆಕೆಯ ಮುಖ ನೋಡಿದಳು. ತಮ್ಮದಲ್ಲದ ಪೂಜೆಗೆ ಕೈ ಹಾಕಿ ಬೈಸಿಕೊಳ್ಳಬಾರದೆಂದು ಮನೆಯಲ್ಲಿ ಕಲಿತು ಬಂದ ಹುಡುಗಿ ಅವಳು. ಚಪ್ಪಲಿ ಬಿಟ್ಟಳು, ಕೈ ಹಿಂದಕ್ಕೆ ಕಟ್ಟಿಕೊಂಡಳು, ಹೂವಿನ ಸಂದಿಯಿಂದ ಇಣುಕಿದಳು. ದೀಪ ಕಂಡವು, ಮಾಲೆಯ ಹಿಂದಿನ ತೂತುಗಳು ಕಾಣಲಿಲ್ಲ. "ದೀಪ ಎಲ್ಲಾ ಹತ್ಯಾವ" ಎಂದು ತನಗೆ ತಾನೇ ಹೇಳಿಕೊಂಡು ಹಿಂದೆ ಸರಿದಳು. ಗೋಡೆಯ ಮೇಲಿನ ಬಸವಣ್ಣನ ಫೋಟೋದ ಕಡೆ ಅನುಸೂಯಾ ನೋಡಲಿಲ್ಲ.

ಆಮೇಲೆ ಮೀರಾ ಒಂದೊಂದೇ ಬಾಗಿಲು ತಟ್ಟುತ್ತ ಹೋದಳು. ಅನುಸೂಯಾ ಕುರ್ಚಿಯಲ್ಲಿ ಕೂತು ಕದ್ದು ನೋಡುತ್ತಿದ್ದಳು.

"ಫೋನಿನಾಗ ಬರ್ತದ ಅಂದ ಮ್ಯಾಲ ಹೊರಗಿನ ಲೈನ್ ಚಲೋ ಅದ" ಎಂದಳು ಮೀರಾ. ತನ್ನ ಲ್ಯಾಪ್‌ಟಾಪನ್ನು ರೂಟರಿಗೇ ನೇರವಾಗಿ ಹಚ್ಚಿ ನೋಡಿದಳು, ನೆಟ್ ಬಂತು. ಅಂದರೆ ರೂಟರೂ ಸರಿ. ಹೆಸರು ಹಚ್ಚುವ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆಗೆದು ಏನೋ ಹೊಡೆದಳು. ಅಂಕಿಗಳು ಮೂಡಿದವು. "ನೋಡ್ರಿ ಸರ್, ಇದಕ್ಕ ರೂಟರಿನಿಂದ ವಿಳಾಸ ಸಿಕ್ಕಿಲ್ಲ. ಸಿಗದಿದ್ದಕ್ಕ ತಾನೇ ಒಂದು ಸುಳ್ಳ ವಿಳಾಸ ಇಟ್ಕೊಂಡು ಕುಂತದ." ಕೈಯಿಂದಲೇ ಸರಿಯಾದ ವಿಳಾಸ ಬರೆದು ನೋಡಿದಳು. ಆಗಲಿಲ್ಲ. ಬೇರೆ ವೈರ್ ತಂದು ಕಂಪ್ಯೂಟರಿಗೆ ಹಚ್ಚಬೇಕೆಂದಳು. ಅದರ ಇನ್ನೊಂದು ತುದಿ ಕಪಾಟಿಗೆ ಹೋಗಬೇಕಿತ್ತು. ಅನುಸೂಯಾಳ ಮುಖ ನೋಡಿ ಆ ಮಾತು ಬಿಟ್ಟಳು.

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅಂಗಳದಲ್ಲಿ ಗೌಜು ಎದ್ದಿತು.

"ಅಕ್ಕೋರ, ಆಗ್ತದೇನ್ರಿ, ಇಲ್ಲೇನ್ರಿ?" ಎಂದು ಮೊದಲು ಕೂತಿದ್ದ ಹೆಂಗಸು ಕೇಳಿದಳು. "ಇಲ್ಲಂದ್ರ ಇಕಿನ್ನ ಕರಕೊಂಡೇ ಹೋಗ್ತೇವಿ. ಲಾರಿಯಾಂವ ನಿಲ್ಲಂಗಿಲ್ಲ ಅಂತಾನ."

ಸಾಹೇಬರು ಭಾಲ್ಕಿ ಕೇಂದ್ರದ ಮಡೆಪ್ಪನಿಗೆ ಫೋನ್ ಮಾಡಿದರು. ಮಡೆಪ್ಪನ ದೊಡ್ಡ ಗಂಟಲು ಫೋನಿನಿಂದ ಹೊರಗೂ ಕೇಳುತ್ತಿತ್ತು. "ನಮ್ಮಲ್ಲಿ ಬೆಳಗಿಂದ ಹೆಸರು ಹತ್ತಲಿಕತ್ತಾವ್ರಿ ಸಾಹೇಬ್ರ! ನಮ್ಮದು ಹಳೇ ಡಬ್ಬಿ ನೋಡ್ರಿ, ಎಮ್ಮಿ ಹಂಗ ಸುಮ್ಮ ನಿಂತು ಹಾಲು ಕೊಡ್ತದ."

ಸಾಹೇಬರ ಕಿವಿ ಕೆಂಪಾಯಿತು. "ಮೀರಾ, ಏನವಾ ಇದು?"

ಮುಜೀಬ ಕವ್ವಾಲಿ ನಿಲ್ಲಿಸಿ, "ಬೇಟಿ, ಹಿಂಗ ಯಾವಾಗ ಆಗ್ತದ? ಒಂದು ಓಣಿಗಿ ಬಂದು ಉಳದದ್ದಕ್ಕ ಬರಲಾರದ್ದು?" ಎಂದು ಕೇಳಿದ.

ಮೀರಾ ಹಣೆ ಉಜ್ಜಿಕೊಂಡಳು. "ಕೊಡ ಬ್ಯಾರೆ ಓಣಿ ಪಾಳಿಯೊಳಗ ಇಟ್ರ ಹಿಂಗ ಆಗ್ತದ್ರಿ ಭಾಯಿ. ಕಡೀ ತೂತು ಒಂದೇ ಮೂರೂ ಓಣಿಗಿ ಬಾಗಿಲು. ರೂಟರಿನ ವೈರ್ ಅದರಾಗೇ ಇರಬೇಕು. ಅದನ್ನ ಫೋನಿನ ಓಣಿ ತೂತಿಗಿ ಹಾಕಿದ್ರ ನೀರೆಲ್ಲಾ ಅಲ್ಲೇ ನಿಲ್ತದ. ಆದ್ರ ಯಾರೂ ಮುಟ್ಟಿಲ್ಲಂತೀರಲ್ಲ. ಅಂದ್ರ ನನ್ನ ಸೆಟ್ಟಿಂಗೇ ತಪ್ಪ್ಯಾದ."

ಅನುಸೂಯಾಳ ಕೈ ಕೀಲಿಕೈಯ ಮೇಲೆ ನಿಂತಿತು.

ಬಸವಣ್ಣೆಪ್ಪನ ಟ್ಯಾಂಕರ್ ಹಿಂದೆ ಎಷ್ಟು ಸಲ ಆಕೆ ಆ ಜಗಳ ನೋಡಿದ್ದಳು! ಪಕ್ಕದ ಓಣಿಯವಳು ತನ್ನ ಕೊಡವನ್ನು ಈ ಓಣಿಯ ಪಾಳಿಯಲ್ಲಿ ಇಟ್ಟುಹೋದರೆ ಅದು ಸಂಜೆಯವರೆಗೂ ಬಾಯಿ ತೆರೆದು ಹಾಗೇ ಕೂತಿರುತ್ತಿತ್ತು. ತಾಯಿ ವೈರ್. ಮೊದಲ ತೂತು. ಪಕ್ಕದಲ್ಲಿ ವೈಫೈಯ ಬಿಳಿ ವೈರ್. ತಾನೇ ಕೂಡಿಸಿದ್ದು, ತಾನೇ ಕುಂಕುಮ ಇಟ್ಟದ್ದು.

ಹೇಳಬೇಕೇ? ಯಾಕೆ ಹೇಳಬೇಕು? ಈಗ ಯಾರೂ ಕೇಳುತ್ತಿಲ್ಲ. ಕೇಳಿದಾಗ ಗೊತ್ತಿರಲಿಲ್ಲ. ಈಗ ಗೊತ್ತಾದದ್ದು ಯಾರಿಗೂ ಗೊತ್ತಿಲ್ಲ.

ಆಗಲೇ, ಆಕೆ ಇಷ್ಟು ದಿನ ಕಾಯುತ್ತಿದ್ದ ಮಾತನ್ನು ಸಾಹೇಬರು ಹೇಳಿದರು. "ಸಾಕು. ಅನುಸೂಯಾ, ಮಾಲಿ ತಗಿ. ಹಳೇ ಡಬ್ಬಿ ಹಚ್ಚು. ಚಾವಿ ನಿನ್ನ ಕಡೀನೇ ಇರಲಿ."

ಚಾವಿ ನಿನ್ನ ಕಡೀನೇ ಇರಲಿ! ಅನುಸೂಯಾಳಿಗೆ ಕಣ್ಣಿಗೆ ಕತ್ತಲೆ ಬರುವಷ್ಟು ಸುಖವಾಯಿತು. ಎದ್ದಳು. ಕಪಾಟಿನ ಬಾಗಿಲು ಈಗ ಪೂರಾ ತೆರೆದಳು. ಹಳೆಯ ಡಬ್ಬಿ ಕೆಳಗಿನ ಖಾನೆಯಲ್ಲಿ ಮಗುವಿನಂತೆ ಅರಿವೆ ಸುತ್ತಿಕೊಂಡು ಮಲಗಿತ್ತು. ಮಾಲೆಗೆ ಕೈ ಹಾಕಿದಳು.

ಹಿಂದಿನಿಂದ ಮೀರಾಳ ದನಿ ಕೇಳಿತು. "ಸರ್, ತಪ್ಪು ನಂದೇ ಇರಬೇಕ್ರಿ. ಊರಿಗಿ ಹೋಗೂ ಮುಂಚೆ ಸರಿ ನೋಡಿ ಹೋಗಬೇಕಾಗಿತ್ತು. ಈ ಮಂದಿ ಮಕ್ಕಳು ನನ್ನ ಸಲಾಗಿ ಲಾರಿ ಹತ್ತೂದು ಬ್ಯಾಡ. ಔರಾದಕ್ಕ ನಾ ಹೋಗ್ತೇನಿ."

ಅದು ಕೇಳಿ ಅನುಸೂಯಾ ಕುಣಿಯಬೇಕಿತ್ತು. ಆದರೆ ಸಾಹೇಬರು ಬೈಯಲಿಲ್ಲ. ಅವರ ಮುಖ ಮೆತ್ತಗಾಯಿತು.

"ನೋಡ್ರಪಾ" ಎಂದರು ಎಲ್ಲರಿಗೂ ಕೇಳುವಂತೆ. "ಹಿಂಗ ಇರಬೇಕು ಮನುಷ್ಯಾ. ಇಷ್ಟು ವರ್ಷದಾಗ ಈ ಆಫೀಸಿನಾಗ ಒಬ್ಬರು ತಪ್ಪು ನಂದು ಅಂದದ್ದು ನಾ ಕೇಳಿಲ್ಲ. ಇವತ್ತ ಈ ಹುಡುಗಿ ಬಾಯಾಗ ಕೇಳ್ದೆ."

"ಶಾಬಾಶ್ ಬೇಟಿ" ಎಂದ ಮುಜೀಬ. "ದಿಲ್ ಅಂದ್ರ ಇದು."

ಮಗುವನ್ನು ಹಿಡಿದ ಹೆಂಗಸೂ ಹೇಳಿದಳು, "ಪಾಪ, ಚಲೋ ಹುಡುಗಿ ಅದ."

ಅನುಸೂಯಾಳ ಕೈ ಮಾಲೆಯಲ್ಲೇ ಉಳಿಯಿತು. ಹೊಟ್ಟೆಯೊಳಗೆ ಕೆಂಡದ ಮೇಲೆ ಮೆಣಸಿನಕಾಯಿ ಬಿದ್ದಂತಾಯಿತು. ಕೀಲಿಕೈ ಒಯ್ದಳು, ಸುಮ್ಮನಿದ್ದೆ. ಟ್ಯಾಂಕರ್ ಮಾತು ಒಯ್ದಳು. ಮನೆಯಲ್ಲಿ ಗಂಡನ ಬಾಯಿಂದ ಹೊಗಳಿಕೆ ಒಯ್ದಳು. ಈಗ ನನ್ನ ತಪ್ಪನ್ನೂ ಒಯ್ದಳಲ್ಲ! ನಾನು ಮಾಡಿದ್ದು, ನನ್ನ ಕೈಯಾರೆ ಮಾಡಿದ್ದು. ಅದನ್ನು ತನ್ನದೆಂದು ಹೇಳಿ ಎಲ್ಲರ ಮುಂದೆ ದೊಡ್ಡವಳಾಗಿ ನಿಂತಳಲ್ಲ! ಇಷ್ಟು ವರ್ಷದಲ್ಲಿ ಒಬ್ಬರೂ ಅನ್ನಲಿಲ್ಲವಂತೆ. ಅನ್ನಬಲ್ಲವರು ಇಲ್ಲಿ ಇರಲಿಲ್ಲವೇ?

"ತಪ್ಪು ಅಕಿದಲ್ಲ!" ಎಂದು ಚೀರಿದಳು. "ನಂದದ! ತಪ್ಪು ನಂದು!"

ಎಲ್ಲರ ಕತ್ತೂ ಕಪಾಟಿನ ಕಡೆ ಹೊರಳಿತು. ಅಂಗಳದ ಕೋಳಿಯೊಂದು ಮಾತ್ರ ಕೊಕ್ಕೊಕ್ ಎಂದಿತು.

ಅನುಸೂಯಾ ಮಾಲೆಯನ್ನು ಜಗ್ಗಿ ಕಿತ್ತಳು. ಚೆಂಡುಹೂವು ನೆಲದ ತುಂಬ ಉರುಳಿದವು. "ನೋಡ್ರಿ, ಎಲ್ಲಾರೂ ನೋಡ್ರಿ! ತಾಯಿ ವೈರ್ ಮೊದಲನೇ ತೂತಿನಾಗ ಅದ. ಯಾರ್ ಹಾಕಿದ್ದು? ನಾ! ಪೂಜಿ ದಿನ ಎಲ್ಲಾ ವೈರ್ ಕಿತ್ತಿ ಒರಸಿದವಳು ನಾ. ಅಕಿ ಸೆಟ್ಟಿಂಗಿನಾಗ ಏನೂ ತಪ್ಪಿಲ್ಲ. ಸುಮ್ಮ ಕಂಡವರ ತಪ್ಪು ತನ್ನ ತಲಿ ಮ್ಯಾಲ ಹೊತ್ಕೊಂಡು ಮೆರೀಲಿಕತ್ತಾಳ!"

"ನೀ ಮುಟ್ಟಿಲ್ಲಂದೆಲ್ಲಾ?" ಎಂದು ಸಾಹೇಬರು ಬಾಯಿ ತೆರೆದರು.

"ಪೂಜಿ ಮಾಡೂದು ಮುಟ್ಟಿದಂಗ ಆಗ್ತದೇನ್ರಿ?" ಎಂದಳು ಅನುಸೂಯಾ, ಈಗಲೂ ನಂಬಿಕೆಯಿಂದಲೇ. "ನೀವೂ ಇಲ್ಲೇ ಕಾಯಿ ತೊಳೀತಿದ್ರಿ. ಮುಜೀಬ್ ಭಾಯಿ ಎಲ್ಲಾ ವೈರ್ ಕೈಯಾಗ ಹಿಡಕೊಂಡು ನಿಂತಿದ್ರು. ನೀವು ಮುಟ್ಟಿದಂಗ ಆತೇನು?"

ಮುಜೀಬ ತನ್ನ ಎರಡೂ ಕೈಗಳನ್ನು ಎತ್ತಿ ಮೊದಲ ಸಲ ಕಂಡವನಂತೆ ನೋಡಿಕೊಂಡ. "ಯಾ ಅಲ್ಲಾ. ನಾ ಖರೇನೇ ಹಿಡದಿದ್ದೆ." ಮಗುವಿನ ತಾಯಿಗೆ ಏನು ತಿಳಿಯಿತೋ, ಬಾಯಿಗೆ ಸೆರಗು ಹಚ್ಚಿ ನಕ್ಕಳು. ಸಾಹೇಬರಿಗೆ ಬೈಯಲು ಬಾಯಿ ಬರಲಿಲ್ಲ. ಬೈದರೆ ತಮ್ಮ ತೆಂಗಿನಕಾಯಿಗೂ ಪಾಲು ಬರುತ್ತಿತ್ತು.

ಹಾರ್ನ್ ಮತ್ತೆ ಕೂಗಿತು. ಮೀರಾ ಓಡಿಬಂದು ಕಪಾಟಿನ ಮುಂದೆ ಕೂತಳು, ಚಪ್ಪಲಿ ಮತ್ತೆ ಬಿಟ್ಟೇ. "ಅಕ್ಕೋರ, ನೀವೇ ಹಾಕ್ರಿ. ನಾ ಹೇಳ್ತೇನಿ. ತಾಯಿದು ಕಡೀಗಿ. ಬಿಳಿದು ಅಲ್ಲೇ ಇರಲಿ, ಅದು ತನ್ನ ಓಣಿಯಾಗೇ ಅದ. ಹಳದಿ ಮ್ಯಾಲಿನ ಸಾಲಿನ ನಡುವಿಗಿ. ಹಾಂ, ಅದೇ. ಕೆಂಪು ಅದರ ಪಕ್ಕ. ನೀಲಿ, ಮುಜೀಬ್ ಭಾಯಿದು, ಕೆಳಗ."

ಅನುಸೂಯಾ ಒಂದೊಂದನ್ನೇ ಕಿತ್ತು ಹಾಕಿದಳು. ಕುಂಕುಮ ಬೆರಳಿಗೆ ಹತ್ತಿತು. ತಾಯಿ ವೈರನ್ನು ಕೊನೆಯ ತೂತಿಗೆ ಒತ್ತುವಾಗ ಅಭ್ಯಾಸಬಲದಿಂದ ಓಂ ನಮಃ ಶಿವಾಯ ಎಂದಳು. ಟಕ್ ಎಂದಿತು. ದೀಪಗಳು ಒಂದರ ಹಿಂದೆ ಒಂದು ಮಿಣುಕಿದವು.

ಕುರ್ಚಿಗೆ ಹೋಗಿ ಒತ್ತಿದಳು. ಹೆಸರಿನ ಪುಟ ತೆರೆಯಿತು. ಬಾಯಿಗೆ ಬಂದ "ಬಂತ್ರಿ" ಎಂಬ ಮಾತನ್ನು ಹೇಳಬೇಕೋ ಬೇಡವೋ ಎಂದು ಮೀರಾಳ ಕಡೆ ನೋಡಿದಳು. ಮೀರಾ ಕೈ ಸನ್ನೆ ಮಾಡಿ, ನೀವೇ ಎಂದಳು.

"ಬಂತ್ರಿ" ಎಂದಳು ಅನುಸೂಯಾ. ಮೊದಲಿನಷ್ಟು ಸಿಹಿ ಇರಲಿಲ್ಲ.

ಲಾರಿ ತಡವಾಗಿ ಹೊರಟಿತು. ಮೂಗು ಸೋರುವ ಹುಡುಗಿ ಅಂಗಳದ ಕಟ್ಟೆಯ ಮೇಲೆ ಉಳಿದಳು. ಲಾರಿ ತಿರುಗಿ ಮರೆಯಾಗುವವರೆಗೂ ಅಳದೆ, ಆಮೇಲೆ ಅತ್ತಳು. ಮೀರಾ ಅವಳನ್ನು ಎತ್ತಿಕೊಂಡಳು. ಆ ಮಗು ತನ್ನ ಕಡೆ ಯಾಕೆ ಬರಲಿಲ್ಲ ಎಂದೂ ಅನುಸೂಯಾಳಿಗೆ ಒಂದು ಗಳಿಗೆ ಚುರುಕ್ ಎಂದಿತು.

ಸಂಜೆ ಸಾಹೇಬರು ಇಬ್ಬರನ್ನೂ ಮತ್ತೆ ಕರೆದರು. ಅನುಸೂಯಾ ಸೆರಗಿನ ಗಂಟು ತಾನಾಗೇ ಬಿಚ್ಚಿ ಕೀಲಿಕೈಯನ್ನು ಮೇಜಿನ ಮೇಲಿಟ್ಟಳು. ಔರಾದದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಗಂಟಲು ಸರಿಮಾಡಿಕೊಂಡಳು.

"ಔರಾದಕ್ಕ ಮೀರಾ ಹೋಗ್ತಾಳ" ಎಂದರು ಸಾಹೇಬರು. "ಶಿಕ್ಷಾ ಅಲ್ಲ. ಅಲ್ಲೂ ಓಣಿ ಹಾಕಬೇಕು, ಅದು ಅಕಿಗೇ ಬರೂದು. ಇಲ್ಲಿ ಓಣಿ ಆಗ್ಯಾವ. ಯಾವ ವೈರ್ ಯಾವ ತೂತಿಗಿ ಅಂತ ಇನ್ನ ಈ ಜನ್ಮದಾಗ ಅನುಸೂಯಾ ಮರಿಯಂಗಿಲ್ಲ. ಚಾವಿ ಎತ್ಕೋ."

ಮೀರಾಳ ಮುಖ ಅರಳಿಬಿಟ್ಟಿತು. "ಥ್ಯಾಂಕ್ಸ್ ರೀ ಸರ್! ಮನಿ ಊಟ, ಅವ್ವ, ಎಲ್ಲಾ ಅಲ್ಲೇ ಅದಾವ್ರಿ."

ಅನುಸೂಯಾ ಕೀಲಿಕೈ ಎತ್ತಿಕೊಂಡು ಗಂಟು ಹಾಕಿದಳು. ಬೇಕಾದದ್ದು ಸಿಕ್ಕಿತ್ತು. ಆದರೂ ಕಣ್ಣು ಮೀರಾಳ ಮುಖ ಬಿಡಲಿಲ್ಲ. ಇಷ್ಟು ಖುಷಿಪಡುತ್ತಾಳೆಂದರೆ ಔರಾದದಲ್ಲಿ ಏನೋ ಇದ್ದೇ ಇರಬೇಕು.

ಹೊರಡುವ ದಿನ ಇಡೀ ಆಫೀಸು ಮೀರಾಳನ್ನು ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋಯಿತು. ಮುಜೀಬ ಮಾತು ಉಳಿಸಿಕೊಂಡು ಬಿರಿಯಾನಿಯ ಡಬ್ಬ ಕಟ್ಟಿಸಿ ತಂದಿದ್ದ. ತನ್ನನ್ನು ಯಾರಾದರೂ ಎಲ್ಲಿಗಾದರೂ ಹೀಗೆ ಕಳಿಸಿದ್ದುಂಟೇ ಎಂದು ಯೋಚಿಸುತ್ತ ಅನುಸೂಯಾ ಕಿಟಕಿಯ ಹತ್ತಿರ ನಿಂತಳು.

"ಅಕ್ಕೋರ, ನನಗ ಬನ್ನಿ ಕೊಡಲೇ ಇಲ್ಲ ನೀವು" ಎಂದಳು ಮೀರಾ ಒಳಗಿನಿಂದ.

"ನಿಮ್ಮಲ್ಲಿ ತಗೋತಾರೋ ಇಲ್ಲೋ ಅಂತ..."

"ಕೊಟ್ರ ತಗೋತಿದ್ದೆ."

ಅನುಸೂಯಾ ತನ್ನ ಬುತ್ತಿಯ ಚೀಲದ ತಳ ಕೆದಕಿದಳು. ಒಣಗಿ ಮುದುಡಿದ ಎರಡೆಲೆ ಸಿಕ್ಕವು. ಕೊಟ್ಟಳು. ಬಸ್ಸು ಹೊರಟಿತು.

ಹುಣ್ಣಿಮೆ ಕಳೆದ ಮೇಲೆ ಔರಾದದಿಂದ ಫೋನ್ ಬಂತು. ಕೇಂದ್ರ ಶುರುವಾಗಿತ್ತು, ಹೆಸರುಗಳು ಸರಾಗ ಹತ್ತುತ್ತಿದ್ದವು. ಮೀರಾ ಎಲ್ಲರನ್ನೂ ವಿಚಾರಿಸಿ, ಕೊನೆಗೆ ಅನುಸೂಯಾಳನ್ನು ಕೊಡಿ ಎಂದಳು.

"ಅಕ್ಕೋರ, ಹ್ಯಾಂಗ ಅದಾವ ನಿಮ್ಮ ಓಣಿ?"

"ಚಲೋ ಅದಾವ. ದಿನಾ ನೋಡ್ತೇನಿ" ಎಂದಳು ಅನುಸೂಯಾ. ಬೆರಳು ಕೀಲಿಕೈಯ ಮೇಲಿತ್ತು. ಆಮೇಲೆ ಕೇಳಿದಳು, "ನಿಮ್ಮ ಡಬ್ಬಿಗಿ ತೂತು ಎಷ್ಟವ?"

"ಇಪ್ಪತ್ನಾಲ್ಕು ಅವ ನೋಡ್ರಿ. ಸರ್ ದೊಡ್ಡದೇ ಕೊಡಿಸ್ಯಾರ."

ಅನುಸೂಯಾ ಫೋನ್ ಇಟ್ಟಳು. ಎದ್ದು ಹೋಗಿ ಕಪಾಟು ತೆಗೆದು ಹದಿನಾರೂ ತೂತುಗಳನ್ನು ನೋಡಿದಳು. ಆಮೇಲೆ ಸಾಹೇಬರ ಕೋಣೆಯ ಬಾಗಿಲು ತಟ್ಟಿದಳು.